ಕಿತ್ತುಬಂದ ಹಲ್ಲು, ಬರೆದುಕೊಟ್ಟ ಚೀಟಿ

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ಗೆ ಸೇರಿದ ಹಂಟೇರಿಯನ್ ಮ್ಯೂಸಿಯಂನಲ್ಲಿ ಒಂದು ಗಾಜಿನ ಜಾಡಿ ಇದೆ. ಅದರೊಳಗೆ ಇರುವುದು ಸೀಳಿದ ಹುಂಜದ ಜುಟ್ಟು. ಜುಟ್ಟಿನ ಮಾಂಸದ ನಡುವೆ ಮನುಷ್ಯನ ಒಂದು ಹಲ್ಲು ನೆಟ್ಟಗೆ ನಿಂತಿದೆ. ಹದಿನೆಂಟನೆಯ ಶತಮಾನದ ಹೆಸರಾಂತ ಶಸ್ತ್ರವೈದ್ಯ ಜಾನ್ ಹಂಟರ್ ಮಾಡಿದ ಪ್ರಯೋಗ ಇದು. ಹುಂಜದ ಜುಟ್ಟಿನಲ್ಲಿ ರಕ್ತನಾಳಗಳು ದಟ್ಟವಾಗಿರುತ್ತವೆ. ಆತ ಅದನ್ನು ಆಳವಾಗಿ ಕೊಯ್ದು, ಆಗತಾನೇ ಕಿತ್ತ ಹಲ್ಲನ್ನು ಒಳಗಿಟ್ಟು, ದಾರದಿಂದ ಬಿಗಿದು ಬಿಟ್ಟ. ಕೆಲವು ತಿಂಗಳಾದ ಮೇಲೆ ಹುಂಜವನ್ನು ಕೊಂದು, ತಲೆಯ ರಕ್ತನಾಳಗಳಿಗೆ ಬಣ್ಣದ ದ್ರವ ಹಾಯಿಸಿ, ಜುಟ್ಟನ್ನು ಸೀಳಿ ನೋಡಿದ. ಬಣ್ಣ ಹಲ್ಲಿನ ಒಳಗಿನ ನಾಳಗಳಿಗೂ ಹೋಗಿತ್ತು. ಹಲ್ಲಿನ ಹೊರಮೈ ಜುಟ್ಟಿನ ಮಾಂಸದೊಂದಿಗೆ ಬೆಸೆದುಕೊಂಡಿತ್ತು. ಬಹಳಷ್ಟು ಸಲ ಮಾಡಿ ನೋಡಿದರೂ ಗೆದ್ದದ್ದು ಒಂದೇ ಸಲ ಎಂದು 1778ರಲ್ಲಿ ಪ್ರಕಟಿಸಿದ ದಂತರೋಗಗಳ ಪುಸ್ತಕದಲ್ಲಿ ಆತನೇ ಒಪ್ಪಿಕೊಂಡಿದ್ದಾನೆ. ಆದರೆ ಆ ಒಂದು ಗೆಲುವಿನಿಂದ ಆತ ತೆಗೆದ ತೀರ್ಮಾನ ದೊಡ್ಡದು. ಬಾಯಿಂದ ಹೊರಬಂದ ಹಲ್ಲು ತಕ್ಷಣವೇ ಸತ್ತ ವಸ್ತುವಾಗುವುದಿಲ್ಲ. ಅದರಲ್ಲಿ ಜೀವ ಇನ್ನೂ ಇರುತ್ತದೆ, ಮತ್ತೆ ಬೆಸೆದುಕೊಳ್ಳುವ ಶಕ್ತಿಯೂ ಇರುತ್ತದೆ.

ಇಂದು ಶಾಲೆಯ ಮೈದಾನದಲ್ಲಿ ಎಂಟು ವರ್ಷದ ಹುಡುಗನ ಮೇಲಿನ ಬಾಚಿಹಲ್ಲು ಬೇರುಸಮೇತ ಕಿತ್ತುಬಂದರೆ ದಂತವೈದ್ಯರು ಅದನ್ನು ಗೂಡಿಗೆ ಮರಳಿ ಕೂರಿಸುತ್ತಾರೆ. ಪಕ್ಕದ ಹಲ್ಲುಗಳಿಗೆ ತೆಳುವಾದ ತಂತಿ ಅಂಟಿಸುತ್ತಾರೆ. ಕೊನೆಗೆ ಒಂದು ಚೀಟಿ ಬರೆಯುತ್ತಾರೆ. ಅದರಲ್ಲಿ ಹೆಚ್ಚಿನ ಸಲ ಒಂದು ವಾರದ ಆಂಟಿಬಯೋಟಿಕ್ ಇರುತ್ತದೆ. ಹಲ್ಲು ಉಳಿಯುವುದು ಈ ಮಾತ್ರೆಯಿಂದಲೇ ಎಂದು ಹೆತ್ತವರು ನಂಬುತ್ತಾರೆ. ಆ ಚೀಟಿ ರೂಪುಗೊಂಡ ಚರಿತ್ರೆ ನೋಡಿದರೆ ಮಾತ್ರೆಗೆ ಅಷ್ಟು ದೊಡ್ಡ ಜಾಗ ಸಲ್ಲುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಹಲ್ಲಿನ ಹಣೆಬರಹ ಬಹುಮಟ್ಟಿಗೆ ಮೊದಲ ಅರ್ಧ ಗಂಟೆಯಲ್ಲೇ ತೀರ್ಮಾನವಾಗಿಬಿಡುತ್ತದೆ.

ಹಲ್ಲನ್ನು ಉಳಿಸಿಕೊಳ್ಳುವ ಆಸೆ ಬಹಳ ಹಳೆಯದು. ದವಡೆ ಮುರಿದು ಹಲ್ಲು ಜರುಗಿದ್ದರೆ ಚಿನ್ನದ ತಂತಿಯಿಂದಲೋ ನಾರಿನ ದಾರದಿಂದಲೋ ಒಂದಕ್ಕೊಂದು ಕಟ್ಟಿ ಎಂದು ಗ್ರೀಸಿನ ಹಿಪಾಕ್ರಟೀಸನ ಹೆಸರಿನ ಗ್ರಂಥಗಳು ಹೇಳುತ್ತವೆ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮೂಳೆ ಮುರಿತದ ಅಧ್ಯಾಯವಿದೆ. ತರುಣನ ಹಲ್ಲು ಮುರಿಯದೆ ಅಲುಗಾಡುತ್ತ ರಕ್ತ ಸುರಿಸುತ್ತಿದ್ದರೆ ಅದನ್ನು ಒತ್ತಿ ಕೂರಿಸಬೇಕು, ಹೊರಗಿನಿಂದ ತಂಪಿನ ಲೇಪ ಹಚ್ಚಬೇಕು, ನೈದಿಲೆಯ ದಂಟನ್ನು ಕೊಳವೆಯಾಗಿಸಿ ಹಾಲು ಕುಡಿಸಬೇಕು ಎನ್ನುತ್ತದೆ ಅದು. ಮುದುಕರ ಅಲುಗಾಡುವ ಹಲ್ಲನ್ನು ಮಾತ್ರ ಕೈಬಿಡಬೇಕಂತೆ. ಈ ಸಾಲುಗಳನ್ನು ಓದಿದ ಯಾವ ದಂತವೈದ್ಯರಿಗೂ ಮೆಚ್ಚುಗೆ ಹುಟ್ಟಬೇಕು. ಪೆಟ್ಟು ತಿಂದ ಹಲ್ಲಿಗೆ ಅಗಿಯುವ ಕೆಲಸ ಕೊಡಬಾರದು, ವಯಸ್ಸು ನೋಡಿ ಚಿಕಿತ್ಸೆ ತೀರ್ಮಾನಿಸಬೇಕು ಎಂಬ ಎರಡೂ ಮಾತು ಇಂದಿಗೂ ನಡೆಯುತ್ತಿವೆ.

ಹತ್ತು-ಹನ್ನೊಂದನೆಯ ಶತಮಾನದಲ್ಲಿ ಸ್ಪೇನಿನ ಕೊರ್ಡೊಬಾದಲ್ಲಿದ್ದ ಅರಬ್ ವೈದ್ಯ ಅಲ್-ಝಹ್ರಾವಿ ಒಂದು ಹೆಜ್ಜೆ ಮುಂದೆ ಹೋದ. ಉದುರಿದ ಹಲ್ಲನ್ನು ಗೂಡಿಗೇ ಮರಳಿಸಿ ಚಿನ್ನದ ತಂತಿಯಿಂದ ಕಟ್ಟಬಹುದು, ಹಲ್ಲೇ ಕಳೆದುಹೋಗಿದ್ದರೆ ದನದ ಮೂಳೆಯಲ್ಲಿ ಹಲ್ಲು ಕೆತ್ತಿ ಕೂರಿಸಬಹುದು ಎಂದು ಬರೆದ. ಹದಿನಾರನೆಯ ಶತಮಾನದ ಫ್ರಾನ್ಸಿನಲ್ಲಿ ಆಂಬ್ರ್ವಾಸ್ ಪಾರೆ ದಾಖಲಿಸಿದ ಪ್ರಕರಣ ಇನ್ನೂ ಹತ್ತಿರದ್ದು. ಪ್ಯಾರಿಸ್ಸಿನ ಒಬ್ಬ ದರ್ಜಿಗೆ ಕಠಾರಿಯ ಹಿಡಿಯಿಂದ ಬಿದ್ದ ಪೆಟ್ಟಿಗೆ ದವಡೆ ಮುರಿದು, ಮೂರು ಹಲ್ಲು ಹೆಚ್ಚುಕಡಿಮೆ ಹೊರಗೇ ಬಂದಿದ್ದವು. ಪಾರೆ ಅವನ್ನು ಒಳಗೆ ಒತ್ತಿ ಪಕ್ಕದ ಹಲ್ಲುಗಳಿಗೆ ಕಟ್ಟಿದ. ದರ್ಜಿ ಮತ್ತೆ ಅಗಿದು ಉಣ್ಣುವಂತಾದ. ಅದೇ ಪಾರೆ ಇನ್ನೊಂದು ಸಂಗತಿಯನ್ನೂ ಕೇಳಿ ಬರೆದಿಟ್ಟಿದ್ದಾನೆ. ರಾಜಕುಮಾರಿಯೊಬ್ಬಳ ಹುಳುಕು ಹಲ್ಲನ್ನು ಕಿತ್ತು, ಆ ಗೂಡಿಗೆ ಅವಳ ಸಖಿಯ ಹಲ್ಲನ್ನು ಕಿತ್ತು ಕೂರಿಸಿದ ಸಂಗತಿ ಅದು.

ಇಲ್ಲಿಂದ ಈ ಚರಿತ್ರೆ ಒಂದು ಕರಾಳ ತಿರುವು ಪಡೆಯುತ್ತದೆ. ಪಿಯೆರ್ ಫೊಶಾರ್ 1728ರಲ್ಲಿ ಎರಡು ಸಂಪುಟಗಳ ಗ್ರಂಥ ಬರೆದು ದಂತವೈದ್ಯಕ್ಕೆ ಶಾಸ್ತ್ರದ ಸ್ಥಾನ ತಂದುಕೊಟ್ಟ. ಬಿದ್ದ ಹಲ್ಲನ್ನು ಮರಳಿ ಕೂರಿಸುವುದು, ಒಬ್ಬರ ಹಲ್ಲನ್ನು ಇನ್ನೊಬ್ಬರ ಬಾಯಿಗೆ ನಾಟುವುದು ಎರಡನ್ನೂ ಅದರಲ್ಲಿ ವಿವರಿಸಿದ. ಹಂಟರ್ ತನ್ನ ಹುಂಜದ ಪ್ರಯೋಗದಿಂದ ಎರಡನೆಯದಕ್ಕೆ ವಿಜ್ಞಾನದ ಮುದ್ರೆ ಒತ್ತಿದ. ಸಕ್ಕರೆ ಧಾರಾಳವಾಗಿ ಸಿಗತೊಡಗಿದ ಕಾಲ. ಸಿರಿವಂತರ ಬಾಯಿ ಹುಳುಕಿನಿಂದ ತುಂಬಿತ್ತು. ಬಡವರ ಮಕ್ಕಳ ಹಲ್ಲಿಗೆ ಬೆಲೆ ಬಂತು. ಥಾಮಸ್ ರೋಲೆಂಡ್‌ಸನ್ 1787ರಲ್ಲಿ ಬಿಡಿಸಿದ ಚಿತ್ರದಲ್ಲಿ ಇದೆಲ್ಲ ಇದೆ. ಹೊಗೆಗೂಡು ಗುಡಿಸುವ ಮಸಿ ಮೆತ್ತಿದ ಹುಡುಗನ ಬಾಯಿಂದ ಹಲ್ಲು ಕೀಳಲಾಗುತ್ತಿದೆ. ಪಕ್ಕದಲ್ಲಿ ಅದಕ್ಕೆ ಕಾದ ಶ್ರೀಮಂತ ಹೆಂಗಸು. ಬಾಗಿಲ ಬಳಿ ಕೆನ್ನೆ ಹಿಡಿದು ಹೊರನಡೆಯುತ್ತಿರುವ ಇಬ್ಬರು ಮಕ್ಕಳು. ಅಟ್ಲಾಂಟಿಕ್‌ನ ಆಚೆಗೂ ಇದೇ ನಡೆಯುತ್ತಿತ್ತು. ಜಾರ್ಜ್ ವಾಷಿಂಗ್ಟನ್ನರ ಲೆಕ್ಕದ ಪುಸ್ತಕದಲ್ಲಿ 1784ರ ಮೇ ತಿಂಗಳ ಒಂದು ನಮೂದು ಇದೆ. ಫ್ರೆಂಚ್ ದಂತವೈದ್ಯ ಲೆ ಮೇಯರ್ ಲೆಕ್ಕದಲ್ಲಿ ಗುಲಾಮರಿಗೆ ಒಂಬತ್ತು ಹಲ್ಲುಗಳಿಗಾಗಿ ಕೊಟ್ಟದ್ದು 6 ಪೌಂಡ್ 2 ಶಿಲ್ಲಿಂಗ್. ಕೊಡುವವರಿಗೆ ಬೇಡ ಎನ್ನುವ ಸ್ವಾತಂತ್ರ್ಯವೇ ಇಲ್ಲದ ಕಡೆ ಆ ಹಣವನ್ನು ಬೆಲೆ ಎಂದು ಕರೆಯಲಾಗದು.

ಬಾಯಿಂದ ಬಾಯಿಗೆ ಹೋದದ್ದು ಹಲ್ಲು ಮಾತ್ರವೇ ಆಗಿರಲಿಲ್ಲ. ವಿಲಿಯಂ ವಾಟ್ಸನ್ ಎಂಬ ಲಂಡನ್ನಿನ ವೈದ್ಯ 1785ರಲ್ಲಿ ಒಂದು ಪ್ರಕರಣ ಮಂಡಿಸಿದ. ಬೇರೊಬ್ಬಳ ಬಾಚಿಹಲ್ಲನ್ನು ನಾಟಿಸಿಕೊಂಡ ಯುವತಿಯ ಬಾಯಲ್ಲಿ ಕೆಲವು ವಾರಗಳಲ್ಲೇ ಹುಣ್ಣೆದ್ದು, ಒಸಡು ದವಡೆ ಕೊಳೆತು, ಕೊನೆಗೆ ಅವಳು ಸತ್ತಳು. ಸಿಫಿಲಿಸ್ ಅಂಟಿತೆಂಬ ಅನುಮಾನ ಹಬ್ಬಿತು. ಇಂಥ ವರದಿಗಳು ಹೆಚ್ಚಿದಂತೆ ಇನ್ನೊಬ್ಬರ ಹಲ್ಲು ನಾಟುವ ಕಸುಬು ನೆಲಕಚ್ಚಿತು. ಸೋಂಕು ಹೇಗೆ ಹರಡುತ್ತದೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಹಂಟರ್ ಹುಳುಕು ಹಲ್ಲನ್ನು ಕಿತ್ತು, ಕುದಿಯುವ ನೀರಿಗೆ ಹಾಕಿ ರೋಗ ಕೊಂದು, ಅದೇ ಗೂಡಿಗೆ ಮರಳಿಸಬಹುದು ಎಂದೂ ಸಲಹೆ ಕೊಟ್ಟಿದ್ದ. ಹಲ್ಲಿನಲ್ಲಿ ಜೀವವಿದೆ ಎಂದು ತೋರಿಸಿದವನೇ ಆ ಜೀವವನ್ನು ಕುದಿಸಿ ತೆಗೆಯಲು ಹೇಳಿದ. ರೋಗವನ್ನು ಕೊಲ್ಲಬೇಕು, ಹಲ್ಲಿನ ಜೀವ ಉಳಿಸಬೇಕು ಎಂಬ ಈ ಎರಡು ಗುರಿಗಳ ಜಗ್ಗಾಟ ಮುಂದಿನ ಇನ್ನೂರು ವರ್ಷ ದಂತವೈದ್ಯರನ್ನು ಬಿಡಲಿಲ್ಲ.

ರೋಗಾಣುಗಳ ಸುಳಿವು ಸಿಕ್ಕಿದ್ದು ಬರ್ಲಿನ್ನಿನಲ್ಲಿ. ರಾಬರ್ಟ್ ಕಾಖ್‌ನ ಪ್ರಯೋಗಾಲಯದಲ್ಲಿ ಕಲಿತ ಅಮೆರಿಕದ ದಂತವೈದ್ಯ ವಿಲೊಬಿ ಮಿಲ್ಲರ್ ಬಾಯಿಯ ಸೂಕ್ಷ್ಮಜೀವಿಗಳ ಬಗ್ಗೆ ಬರೆದ ಪುಸ್ತಕ 1890ರಲ್ಲಿ ಇಂಗ್ಲಿಷಿನಲ್ಲಿ ಬಂತು. ಹುಳುಕಿಗೂ ಹಲ್ಲಿನ ಒಳಗಿನ ಕೊಳೆತಕ್ಕೂ ಬ್ಯಾಕ್ಟೀರಿಯಾಗಳ ಸಂಬಂಧ ಅಲ್ಲಿಂದ ಬಲವಾಯಿತು. ಆದರೆ ಅದರ ಹಿಂದೆಯೇ ಭಯವೂ ಬಂತು. 1910ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಮಾಂಟ್ರಿಯಲ್‌ನಲ್ಲಿ ಮಾಡಿದ ಭಾಷಣದಲ್ಲಿ ದೇಹದ ಎಷ್ಟೋ ರೋಗಗಳಿಗೆ ಬಾಯಿಯ ಕೊಳಕೇ ಮೂಲ ಎಂದು ಘೋಷಿಸಿದ. ಸಂಧಿವಾತದಿಂದ ಹಿಡಿದು ಮಾನಸಿಕ ಕಾಯಿಲೆಯವರೆಗೆ ಎಲ್ಲದಕ್ಕೂ ಹಲ್ಲು ಕೀಳುವುದೇ ಮದ್ದಾಯಿತು. ಒಳಗಿನ ತಿರುಳು ಸತ್ತ ಹಲ್ಲೆಂದರೆ ಸೋಂಕಿನ ಗೂಡು ಎಂಬ ಮಾತು ಮೂರು ದಶಕ ಮೆರೆಯಿತು. ಬಾಯಿಂದ ಹೊರಬಿದ್ದು ಮರಳಿ ಕೂತ ಹಲ್ಲಿನ ತಿರುಳು ಸಾಮಾನ್ಯವಾಗಿ ಸತ್ತೇ ಇರುತ್ತದೆ. ಅಂಥ ಹಲ್ಲನ್ನು ಉಳಿಸಿ ಎಂದು ವಾದಿಸುವ ಧೈರ್ಯ ಆ ಕಾಲದಲ್ಲಿ ಕೆಲವರಿಗಷ್ಟೇ ಇತ್ತು.

ಪೆನಿಸಿಲಿನ್ ಈ ಭಯವನ್ನು ಕಡಿಮೆ ಮಾಡಿತು. 1928ರಲ್ಲಿ ಫ್ಲೆಮಿಂಗ್ ಗಮನಿಸಿದ ಬೂಷ್ಟಿನ ಗುಣವನ್ನು ಆಕ್ಸ್‌ಫರ್ಡಿನ ಫ್ಲೋರಿ, ಚೈನ್ ಮತ್ತು ಸಂಗಡಿಗರು 1940ರ ಹೊತ್ತಿಗೆ ಔಷಧವಾಗಿ ಪಳಗಿಸಿದರು. ಯುದ್ಧ ಮುಗಿಯುತ್ತಲೇ ಅದು ದಂತವೈದ್ಯರ ಕೈಗೂ ಬಂತು. ಫಿಲಡೆಲ್ಫಿಯಾದ ಲೂಯಿಸ್ ಗ್ರಾಸ್‌ಮನ್ 1951ರಲ್ಲಿ ಪೆನಿಸಿಲಿನ್, ಬ್ಯಾಸಿಟ್ರಾಸಿನ್, ಸ್ಟ್ರೆಪ್ಟೊಮೈಸಿನ್ ಬೆರೆಸಿದ ಲೇಹದಂಥ ಔಷಧವನ್ನು ಬೇರಿನ ಕೊಳವೆಗೆ ತುಂಬುವ ಕ್ರಮ ಪ್ರಕಟಿಸಿದರು.

ಇದೇ ಹೊತ್ತಿಗೆ ಇನ್ನೊಂದು ಔಷಧ ಹೊರಬಂತು. ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಸಂಶೋಧನೆಯ ನಿರ್ದೇಶಕರಾಗಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅವರ ತಂಡದಲ್ಲಿದ್ದ, ವಯಸ್ಸು ಎಪ್ಪತ್ತು ದಾಟಿದ ಸಸ್ಯವಿಜ್ಞಾನಿ ಬೆಂಜಮಿನ್ ಡುಗ್ಗರ್ ಊರೂರಿನ ಮಣ್ಣು ತರಿಸಿ ಪರೀಕ್ಷಿಸುತ್ತಿದ್ದರು. ಮಿಸೌರಿ ವಿಶ್ವವಿದ್ಯಾಲಯದ ಹೊಲವೊಂದರ ಮಣ್ಣಿನಲ್ಲಿ ಸಿಕ್ಕ ಜೀವಿಯೊಂದು ಚಿನ್ನದ ಬಣ್ಣದ ಔಷಧ ಕೊಟ್ಟಿತು. ಆರಿಯೊಮೈಸಿನ್ ಎಂಬ ಹೆಸರಿನಲ್ಲಿ ಅದು 1948ರಲ್ಲಿ ಲೋಕಕ್ಕೆ ತಿಳಿಯಿತು. ಟೆಟ್ರಾಸೈಕ್ಲಿನ್ ಕುಟುಂಬದ ಮೊದಲ ಕೂಸು ಅದು. ಅದೇ ವರ್ಷದ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು. ಕಿತ್ತುಬಂದ ಹಲ್ಲಿನ ಚಿಕಿತ್ಸೆಯಲ್ಲಿ ಮುಂದೆ ಅತಿ ಹೆಚ್ಚು ಚರ್ಚೆಗೆ ಬಂದ ಔಷಧ ಕುಟುಂಬ ಇದೇ ಆಗಿರುವುದರಿಂದ ಅವರನ್ನು ಇಲ್ಲಿ ನೆನೆಯಲೇಬೇಕು.

ಔಷಧಗಳು ಸಾಲಾಗಿ ಬಂದವು. ಆದರೆ ಮರಳಿ ಕೂರಿಸಿದ ಹಲ್ಲುಗಳು ಮಾತ್ರ ಮೊದಲಿನಂತೆಯೇ ಬೀಳುತ್ತಿದ್ದವು. ಕೂತ ಹಲ್ಲು ಮೊದಮೊದಲು ಗಟ್ಟಿಯಾಗಿಯೇ ಇರುತ್ತಿತ್ತು. ಒಂದೆರಡು ವರ್ಷದಲ್ಲಿ ಎಕ್ಸ್‌ರೇ ತೆಗೆದರೆ ಬೇರು ಅರ್ಧ ಕರಗಿರುತ್ತಿತ್ತು. ಕೊನೆಗೊಂದು ದಿನ ಮೇಲಿನ ಭಾಗ ಕಳಚಿ ಬರುತ್ತಿತ್ತು. ಏಕೆ?

ಉತ್ತರವನ್ನು ಎಣಿಸಿ, ಅಳೆದು ಕೊಟ್ಟವರು ಕೋಪನ್‌ಹೇಗನ್‌ನ ಯೆನ್ಸ್ ಓವೆ ಆಂಡ್ರಿಯಾಸನ್. ಆಗಿನ್ನೂ ಮೂವತ್ತರ ಆಸುಪಾಸಿನ ಯುವಕ. ಸಹೋದ್ಯೋಗಿ ಯೋರ್ಟಿಂಗ್-ಹ್ಯಾನ್ಸನ್ ಜತೆ 1966ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರು ಮರಳಿ ಕೂರಿಸಿದ 110 ಹಲ್ಲುಗಳನ್ನು ಹಿಂಬಾಲಿಸಿದರು. ಅರ್ಧ ಗಂಟೆಯೊಳಗೆ ಗೂಡು ಸೇರಿದ ಹಲ್ಲುಗಳಲ್ಲಿ ಸುಮಾರು ಶೇ 90ರಷ್ಟರಲ್ಲಿ ಬೇರು ಕರಗಿದ ಗುರುತು ಇರಲಿಲ್ಲ. ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗುಳಿದವುಗಳಲ್ಲಿ ಸುಮಾರು ಶೇ 95ರಷ್ಟು ಕರಗತೊಡಗಿದ್ದವು. ಈ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿಲ್ಲ.

ಇದರ ಹಿಂದಿನ ಗುಟ್ಟು ಬೇರಿನ ಮೈಮೇಲಿದೆ. ಹಲ್ಲು ದವಡೆಯ ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ಅಗಿಯುವಾಗ ಹಲ್ಲು ಕೂದಲೆಳೆಯಷ್ಟು ಕುಸಿದು ಮೇಲೇಳಲು ಅವಕಾಶ ಕೊಡುವುದು ಈ ಪದರವೇ. ಪೆಟ್ಟು ಬಿದ್ದಾಗ ಪದರ ನಡುವೆ ಹರಿದು, ಅರ್ಧ ಗೂಡಿನ ಗೋಡೆಗೂ ಅರ್ಧ ಬೇರಿಗೂ ಅಂಟಿಕೊಂಡು ಉಳಿಯುತ್ತದೆ. ಆಗತಾನೇ ಬಿದ್ದ ಹಲ್ಲನ್ನು ಬೆಳಕಿಗೆ ಹಿಡಿದು ನೋಡಿದರೆ ಬೇರಿನ ಮೇಲೆ ಒದ್ದೆಯಾದ, ಗುಲಾಬಿ ಛಾಯೆಯ ತೆಳು ಪೊರೆ ಕಾಣುತ್ತದೆ. ಹತ್ತಿಪ್ಪತ್ತು ನಿಮಿಷ ಅದು ಒಣಗಿದರೆ ಹೊಳಪು ಹೋಗಿ ಮಂಕಾಗುತ್ತದೆ. ಭತ್ತದ ನಾಟಿ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ: ಕಿತ್ತ ಸಸಿಯ ಬೇರನ್ನು ಬಿಸಿಲಿಗೆ ಒಣಗಲು ಬಿಟ್ಟರೆ ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಅದು ಹಿಡಿಯುವುದಿಲ್ಲ. ಒಣಗಿ ಅರ್ಧ ಗಂಟೆಯಾದರೆ ಪೊರೆಯ ಬಹುಪಾಲು ಜೀವಕೋಶಗಳು ಸಾಯುತ್ತವೆ. ಒಂದು ಗಂಟೆ ದಾಟಿದರೆ ಏನೂ ಉಳಿದಿಲ್ಲ ಎಂದೇ ವೈದ್ಯರು ಭಾವಿಸುತ್ತಾರೆ.

ಬೇರು ಕರಗುವುದರಲ್ಲಿ ಮುಖ್ಯವಾಗಿ ಎರಡು ಬಗೆ ಎಂದು ಆಂಡ್ರಿಯಾಸನ್ ಬಿಡಿಸಿ ತೋರಿಸಿದರು. ಆಂಟಿಬಯೋಟಿಕ್ ಎಲ್ಲಿ ಉಪಯೋಗ, ಎಲ್ಲಿ ನಿರುಪಯೋಗ ಎಂಬುದು ಈ ಭೇದದಲ್ಲೇ ಅಡಗಿದೆ. ಮೊದಲನೆಯದು ಸೋಂಕಿನಿಂದ ಆಗುವಂಥದು. ಒಳಗಿನ ತಿರುಳು ಸತ್ತು ಕೊಳೆಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಮತ್ತು ಅವುಗಳ ವಿಷ ಬೇರಿನ ಸಣ್ಣ ಸಣ್ಣ ರಂಧ್ರಗಳ ಮೂಲಕ ಹೊರಮೈಗೆ ಬರುತ್ತವೆ. ಉರಿಯೂತ ಎದ್ದು ಬೇರನ್ನು ವೇಗವಾಗಿ ತಿನ್ನುತ್ತದೆ. ರೂಟ್ ಕೆನಾಲ್ ಮಾಡಿ ಒಳಗನ್ನು ಶುಚಿಗೊಳಿಸಿದರೆ ಇದನ್ನು ತಡೆಯಬಹುದು. ಎರಡನೆಯದರಲ್ಲಿ ಸೋಂಕಿನ ಪಾತ್ರವೇ ಇಲ್ಲ. ಪೊರೆ ಸತ್ತುಹೋದ ಕಡೆ ದವಡೆಯ ಮೂಳೆ ನೇರವಾಗಿ ಬೇರಿಗೆ ಬೆಸೆದುಕೊಳ್ಳುತ್ತದೆ. ಆಮೇಲೆ ಮೂಳೆಯ ಸಹಜ ದುರಸ್ತಿ ಕೆಲಸದಲ್ಲಿ ಬೇರು ನಿಧಾನವಾಗಿ ಕರಗುತ್ತ ಅದರ ಜಾಗಕ್ಕೆ ಮೂಳೆ ತುಂಬಿಕೊಳ್ಳುತ್ತದೆ. ಬೆಳೆಯುವ ಮಕ್ಕಳಲ್ಲಿ ಪಕ್ಕದ ಹಲ್ಲುಗಳು ದವಡೆಯ ಜತೆ ಇಳಿಯುತ್ತಿದ್ದರೆ ಬೆಸೆದುಕೊಂಡ ಹಲ್ಲು ಮಾತ್ರ ಇದ್ದಲ್ಲೇ ನಿಂತು ಗಿಡ್ಡವಾಗಿ ಕಾಣುತ್ತದೆ. ಇದನ್ನು ತಡೆಯುವ ಮಾತ್ರೆ ಇವತ್ತಿಗೂ ಇಲ್ಲ.

ಹಾಗಾದರೆ ಮಾತ್ರೆ ಚೀಟಿಗೆ ಬಂದದ್ದು ಹೇಗೆ? ಸ್ವೀಡನ್ನಿನಲ್ಲಿ ಲಾರ್ಸ್ ಹ್ಯಾಮರ್‌ಸ್ಟ್ರೋಮ್ ಮತ್ತು ಸಂಗಡಿಗರು 1986ರಲ್ಲಿ ಕೋತಿಗಳ ಮೇಲೆ ನಡೆಸಿದ ಅಧ್ಯಯನ ಇದಕ್ಕೆ ಬಲವಾದ ಆಧಾರ ಕೊಟ್ಟಿತು. ಹಲ್ಲು ಮರಳಿ ಕೂರಿಸಿದ ಹೊತ್ತಿನಲ್ಲೇ ಆಂಟಿಬಯೋಟಿಕ್ ಕೊಟ್ಟ ಕೋತಿಗಳಲ್ಲಿ ಸತ್ತ ತಿರುಳಿಗೆ ಬ್ಯಾಕ್ಟೀರಿಯಾ ನುಗ್ಗುವುದೂ ಸೋಂಕಿನಿಂದ ಬೇರು ಕರಗುವುದೂ ತಪ್ಪಿತು. ತಡವಾಗಿ ಕೊಟ್ಟರೆ ಆ ಲಾಭ ಸಿಗಲಿಲ್ಲ. ಮೊದಲ ದಿನಗಳಲ್ಲಿ ಗಾಯದ ಸುತ್ತಲಿನ ರಕ್ತದಲ್ಲಿ ಔಷಧ ಇದ್ದರೆ ರೂಟ್ ಕೆನಾಲ್ ಮಾಡುವವರೆಗೆ ಸಮಯ ಸಿಗುತ್ತದೆ ಎಂಬುದು ಇದರಿಂದ ಹೊರಟ ತರ್ಕ.

ನಾಲ್ಕು ವರ್ಷದ ನಂತರ ಇನ್ನೊಂದು ದಾರಿ ತೆರೆಯಿತು. ಚಿಕ್ಕ ಮಕ್ಕಳ ಹಲ್ಲಿನ ಬೇರಿನ ತುದಿ ಇನ್ನೂ ಅಗಲವಾಗಿ ತೆರೆದಿರುತ್ತದೆ. ಅಂಥ ಹಲ್ಲಿನೊಳಕ್ಕೆ ರಕ್ತನಾಳಗಳು ಮತ್ತೆ ಬೆಳೆದು ತಿರುಳು ಬದುಕುವ ಸಾಧ್ಯತೆ ಇದೆ. ಆದರೆ ನುಂಗಿದ ಮಾತ್ರೆ ರಕ್ತನಾಳವೇ ಹರಿದುಹೋದ ತಿರುಳನ್ನು ತಲುಪುವುದಾದರೂ ಹೇಗೆ? ಮಿಯೊಮಿರ್ ಸ್ವೆಕ್ ಮತ್ತು ಸಹೋದ್ಯೋಗಿಗಳು 1990ರಲ್ಲಿ ಕೋತಿಗಳ ಹಲ್ಲನ್ನು ಮರಳಿ ಕೂರಿಸುವ ಮುಂಚೆ ಟೆಟ್ರಾಸೈಕ್ಲಿನ್ ಕುಟುಂಬದ ಡಾಕ್ಸಿಸೈಕ್ಲಿನ್ ದ್ರಾವಣದಲ್ಲಿ ಐದು ನಿಮಿಷ ನೆನೆಸಿ ನೋಡಿದರು. ರಕ್ತನಾಳ ಮರಳಿ ಬೆಳೆದ ಹಲ್ಲುಗಳ ಸಂಖ್ಯೆ ಗಮನಾರ್ಹವಾಗಿ ಏರಿತು. ದೇಹಕ್ಕೆ ಕೊಟ್ಟ ಆಂಟಿಬಯೋಟಿಕ್‌ನಿಂದ ಈ ವಿಷಯದಲ್ಲಿ ಅಂಥ ಲಾಭ ಕಂಡಿರಲಿಲ್ಲ. 2000ದಲ್ಲಿ ನಾಯಿಗಳ ಮೇಲೆ ನಡೆದ ಪ್ರಯೋಗವೂ ನೆನೆಸುವ ವಿಧಾನವನ್ನು ಬೆಂಬಲಿಸಿತು. ಟೆಟ್ರಾಸೈಕ್ಲಿನ್ ಕುಟುಂಬಕ್ಕೆ ಮತ್ತೊಂದು ಗುಣವೂ ಇತ್ತು. ಅಮೆರಿಕದ ಲಾರ್ನ್ ಗೋಲಬ್ ಮತ್ತು ತಂಡ 1980ರ ದಶಕದಲ್ಲೇ ತೋರಿಸಿದಂತೆ, ಅಂಗಾಂಶದ ನಾರನ್ನು ಕರಗಿಸುವ ಕಿಣ್ವಗಳನ್ನೂ ಅದು ತಡೆಯುತ್ತದೆ. ಬ್ಯಾಕ್ಟೀರಿಯಾ ಕೊಲ್ಲುವುದರ ಜತೆಗೆ ಬೇರು ಕರಗುವುದಕ್ಕೂ ಅಡ್ಡಿ! 1998ರಲ್ಲಿ ನಾಯಿಗಳಲ್ಲಿ ಅಮಾಕ್ಸಿಸಿಲಿನ್ ಜತೆ ಹೋಲಿಸಿದಾಗಲೂ ಟೆಟ್ರಾಸೈಕ್ಲಿನ್ ಒಳ್ಳೆಯ ಅಂಕ ಗಳಿಸಿತು.

ಅಡ್ಡಿ ಬಂದದ್ದು ಹಲ್ಲಿನ ಬಣ್ಣದ ರೂಪದಲ್ಲಿ. ಟೆಟ್ರಾಸೈಕ್ಲಿನ್ ಕ್ಯಾಲ್ಸಿಯಂಗೆ ಅಂಟಿಕೊಳ್ಳುವ ಔಷಧ. ದವಡೆಯೊಳಗೆ ಹಲ್ಲು ರೂಪುಗೊಳ್ಳುತ್ತಿರುವ ವಯಸ್ಸಿನಲ್ಲಿ ಕೊಟ್ಟರೆ ಹಲ್ಲಿನೊಳಗೇ ಸೇರಿ ಹಳದಿ, ಆಮೇಲೆ ಕಂದು ಪಟ್ಟೆಗಳಾಗಿ ಜೀವನಪೂರ್ತಿ ಉಳಿಯುತ್ತದೆ. 1950ರ ದಶಕದಲ್ಲೇ ಮಕ್ಕಳ ವೈದ್ಯರು ಇದನ್ನು ಗುರುತಿಸಿದ್ದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1963ರಲ್ಲಿ ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಕೊಡುವುದರ ವಿರುದ್ಧ ಎಚ್ಚರಿಸಿತು. ಹಲ್ಲು ಕಿತ್ತುಬರುವ ಅಪಘಾತ ಹೆಚ್ಚಾಗಿ ಆಗುವುದು ಏಳರಿಂದ ಒಂಬತ್ತು ವರ್ಷದ ಮಕ್ಕಳಿಗೆ. ಅಂದರೆ ಪ್ರಾಣಿಪ್ರಯೋಗದಲ್ಲಿ ಗೆದ್ದ ಔಷಧ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕೊಡುವಂತಿರಲಿಲ್ಲ. ಆ ಜಾಗವನ್ನು ಪೆನಿಸಿಲಿನ್ ವಂಶದವೇ ತುಂಬಬೇಕಾಯಿತು. ಅವುಗಳಲ್ಲಿ 1972ರಲ್ಲಿ ಬ್ರಿಟನ್ನಿನ ಬೀಚಮ್ ಕಂಪನಿ ಮಾರುಕಟ್ಟೆಗೆ ತಂದ ಅಮಾಕ್ಸಿಸಿಲಿನ್ ಮುಂಚೂಣಿಗೆ ಬಂತು.

ಹಲ್ಲಿಗೆ ಪೆಟ್ಟಾದಾಗ ಏನು ಮಾಡಬೇಕು ಎಂಬುದಕ್ಕೆ ಅಂತರರಾಷ್ಟ್ರೀಯ ದಂತ ಆಘಾತಶಾಸ್ತ್ರ ಸಂಘವು 2001ರಲ್ಲಿ ಮಾರ್ಗಸೂಚಿ ಹೊರಡಿಸಿತು. ಚಿಲಿ ದೇಶದ ಮರಿ ತೆರೇಸ್ ಫ್ಲೋರೆಸ್ ಅದರ ಮುಂದಾಳು. 2007, 2012, 2020ರಲ್ಲಿ ಅದು ಪರಿಷ್ಕಾರಗೊಂಡಿತು. ಈ ಆವೃತ್ತಿಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ವಿಜ್ಞಾನ ತನ್ನ ಮಾತನ್ನು ತಾನೇ ತಿದ್ದಿಕೊಳ್ಳುವ ಪರಿ ಕಾಣುತ್ತದೆ. 2007ರಲ್ಲಿ ಮೊದಲ ಆಯ್ಕೆ ಟೆಟ್ರಾಸೈಕ್ಲಿನ್ ಗುಂಪಿನ ಡಾಕ್ಸಿಸೈಕ್ಲಿನ್. ಚಿಕ್ಕವರಿಗೆ ಮಾತ್ರ ಪೆನಿಸಿಲಿನ್ ಗುಂಪು. 2020ರಲ್ಲಿ ಅಮಾಕ್ಸಿಸಿಲಿನ್ ಅಥವಾ ಪೆನಿಸಿಲಿನ್ ಮೊದಲ ಆಯ್ಕೆಯಾಯಿತು. ಬಾಯಿಯ ಬ್ಯಾಕ್ಟೀರಿಯಾಗಳ ಮೇಲೆ ಅದು ಕೆಲಸ ಮಾಡುತ್ತದೆ, ಅಡ್ಡಪರಿಣಾಮ ಕಡಿಮೆ ಎಂಬುದು ಕಾರಣ. ಡಾಕ್ಸಿಸೈಕ್ಲಿನ್ ಪರ್ಯಾಯವಾಗಿ ಉಳಿಯಿತು, 12 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಡ ಎಂಬ ಷರತ್ತಿನೊಂದಿಗೆ. ದ್ರಾವಣದಲ್ಲಿ ನೆನೆಸುವ ಸಲಹೆ 2012ರ ಆವೃತ್ತಿಯಲ್ಲಿ ಇತ್ತು. 2020ರಲ್ಲಿ ಅದರಿಂದ ಹಿಂದೆ ಸರಿದರು. ಕೋತಿ, ನಾಯಿಗಳಲ್ಲಿ ಕಂಡ ಲಾಭ ಮನುಷ್ಯರ ಅಧ್ಯಯನಗಳಲ್ಲಿ ಕಾಣಲಿಲ್ಲ.

ನುಂಗುವ ಮಾತ್ರೆಯ ಪರೀಕ್ಷೆಯೂ ನಡೆದಿದೆ. ಹಿಂಕ್‌ಫಸ್ ಮತ್ತು ಮೆಸ್ಸರ್ 2009ರಲ್ಲಿ ಮನುಷ್ಯರ ಮೇಲಿನ ಲಭ್ಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಆಂಟಿಬಯೋಟಿಕ್ ತೆಗೆದುಕೊಂಡವರಲ್ಲೂ ತೆಗೆದುಕೊಳ್ಳದವರಲ್ಲೂ ಬೇರಿನ ಪೊರೆ ಮಾಗುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಹಾಗಿದ್ದೂ ಮಾರ್ಗಸೂಚಿಯಲ್ಲಿ ಮಾತ್ರೆ ಉಳಿದಿದೆ, ಅದಕ್ಕೆ ನ್ಯಾಯವಾದ ಕಾರಣವೂ ಇದೆ. ಮೈದಾನದ ಮಣ್ಣಿನಲ್ಲಿ ಬಿದ್ದ ಹಲ್ಲು, ಹರಿದ ಒಸಡು, ತೆರೆದ ಗೂಡು ಇವೆಲ್ಲ ಸೋಂಕಿಗೆ ಆಹ್ವಾನ. ಇಂಥ ಅಪಘಾತದಲ್ಲಿ ಅರ್ಧದಷ್ಟು ಮಕ್ಕಳಿಗೆ ಔಷಧ ಕೊಡದೆ ಹೋಲಿಸಿ ನೋಡುವ ಪ್ರಯೋಗ ನಡೆಸುವುದು ಸುಲಭವಲ್ಲ. ಅದಕ್ಕೇ ವೈದ್ಯರು ಎಚ್ಚರಿಕೆಯ ದಾರಿ ಹಿಡಿದಿದ್ದಾರೆ. ಅದು ಒಪ್ಪಬಹುದಾದ ನಿಲುವು. ಒಪ್ಪಲಾಗದ್ದು, ಮಾತ್ರೆ ಸಿಕ್ಕಿತೆಂಬ ಧೈರ್ಯದಲ್ಲಿ ರೂಟ್ ಕೆನಾಲ್ ಮುಂದೂಡುವುದು. ಬೇರಿನ ತುದಿ ಮುಚ್ಚಿದ ಹಲ್ಲಿಗೆ ಎರಡು ವಾರದೊಳಗೆ ರೂಟ್ ಕೆನಾಲ್ ಶುರುವಾಗಬೇಕು ಎಂಬ ಮಾತಿಗೆ ಮಾತ್ರೆಗಿಂತ ಹೆಚ್ಚು ತೂಕವಿದೆ.

ಈ ಎಚ್ಚರ ಇಂದು ಇನ್ನೂ ಹೆಚ್ಚು ಬೇಕು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ನೇರವಾಗಿ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಸತ್ತರೆಂದು ಲ್ಯಾನ್ಸೆಟ್ ಪತ್ರಿಕೆ 2022ರಲ್ಲಿ ಪ್ರಕಟಿಸಿದ ಅಂದಾಜು ಹೇಳುತ್ತದೆ. ಬೆಂಗಳೂರಿನಲ್ಲೇ ಸರ್ಕಾರಿ ವಲಯದ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಕಂಪನಿ 1981ರಲ್ಲಿ ಹುಟ್ಟಿತು. ಇಂಥ ಕಾರ್ಖಾನೆಗಳಿಂದ ಜೀವ ಉಳಿಸುವ ಔಷಧ ಅಗ್ಗವಾಗಿ ಹಳ್ಳಿ ತಲುಪಿದ್ದು ದೊಡ್ಡ ಸಾಧನೆ. ಆ ಔಷಧಗಳ ಶಕ್ತಿ ಉಳಿಯಬೇಕಾದರೆ ಬೇಡದ ಕಡೆ ಅವನ್ನು ನುಂಗಬಾರದು.

ಹಲ್ಲಿನ ಪೊರೆಯನ್ನು ಜೀವಂತ ಇಡುವ ಹುಡುಕಾಟ ಇದಕ್ಕಿಂತ ಹೆಚ್ಚು ಫಲ ಕೊಟ್ಟಿತು. ಸ್ವೀಡನ್ನಿನ ಲೈಫ್ ಬ್ಲೂಮ್‌ಲೋಫ್ 1980ರ ದಶಕದ ಮೊದಲಿನಲ್ಲಿ ಸಾಮಾನ್ಯ ಹಾಲನ್ನು ಪರೀಕ್ಷಿಸಿದರು. ಅದರ ಉಪ್ಪಿನಂಶ, ಹುಳಿಯ ಮಟ್ಟ ಎರಡೂ ದೇಹದ ದ್ರವಕ್ಕೆ ಹತ್ತಿರವಿರುವುದರಿಂದ ಬೇರಿನ ಜೀವಕೋಶಗಳು ಅದರಲ್ಲಿ ಕೆಲವು ಗಂಟೆ ಬದುಕಿದವು. ಬರಿ ನೀರಿನಲ್ಲಿ ಅವು ಉಬ್ಬಿ ಒಡೆಯುತ್ತವೆ. 2008ರಲ್ಲಿ ಚೆನ್ನೈನ ಸಂಶೋಧಕರು ಎಳನೀರನ್ನು ಪರೀಕ್ಷಿಸಿ ಒಳ್ಳೆಯ ಫಲಿತಾಂಶ ಪ್ರಕಟಿಸಿದಾಗ ತೆಂಗಿನ ನಾಡಿನವರಿಗೆಲ್ಲ ಸಂತೋಷವಾಗಿತ್ತು. ಆದರೆ ಎಳನೀರಿನ ಹುಳಿ ಗುಣ ಜೀವಕೋಶಕ್ಕೆ ಒಗ್ಗುವುದಿಲ್ಲ ಎಂದು ನಂತರದ ಕೆಲವು ಪರೀಕ್ಷೆಗಳು ಹೇಳಿದವು. 2020ರ ಮಾರ್ಗಸೂಚಿಯಲ್ಲಿ ಹಾಲಿದೆ, ಎಳನೀರು ಇಲ್ಲ.

ಆಂಡ್ರಿಯಾಸನ್ 2020ರಲ್ಲಿ ತೀರಿಕೊಂಡರು. ಅವರ ತಂಡ 1995ರಲ್ಲಿ ಪ್ರಕಟಿಸಿದ 400 ಹಲ್ಲುಗಳ ಅಧ್ಯಯನದಲ್ಲಿ ಬೇರು ಕರಗದೆ ಪೂರ್ತಿ ಮಾಗಿದ್ದು ಸುಮಾರು ಶೇ 24ರಷ್ಟು ಮಾತ್ರ. ಶೇ 30ರಷ್ಟು ಹಲ್ಲುಗಳನ್ನು ಕೊನೆಗೆ ಕೀಳಬೇಕಾಯಿತು. ಜಗತ್ತಿನಲ್ಲೇ ಈ ವಿಷಯದಲ್ಲಿ ಅತಿ ಹೆಚ್ಚು ಅನುಭವವಿದ್ದ ಆಸ್ಪತ್ರೆಯ ಲೆಕ್ಕ ಇದು. ಚಿಕಿತ್ಸೆ ಮಾಡುವ ಕೈ ಎಷ್ಟೇ ಪಳಗಿದ್ದರೂ ಹಲ್ಲು ತಡವಾಗಿ, ಒಣಗಿ ಬಂದರೆ ಆ ನಷ್ಟ ತುಂಬುವುದು ಕಷ್ಟ.

ಹಾಗಾಗಿ ಶಾಲೆಯ ದೈಹಿಕ ಶಿಕ್ಷಕರಿಗೆ, ಕಬಡ್ಡಿ ಕೋಚ್‌ಗಳಿಗೆ, ಅಪ್ಪ ಅಮ್ಮಂದಿರಿಗೆ ಒಂದು ಕೋರಿಕೆ. ಬಿದ್ದದ್ದು ಹಾಲುಹಲ್ಲಾದರೆ ಮರಳಿ ಕೂರಿಸಬೇಡಿ. ಒಳಗಿರುವ ಹೊಸ ಹಲ್ಲಿಗೆ ಪೆಟ್ಟಾಗಬಹುದು. ಕಾಯಂ ಹಲ್ಲಾದರೆ ಹೊಳೆಯುವ ಮೇಲ್ಭಾಗವನ್ನಷ್ಟೇ ಹಿಡಿಯಿರಿ, ಬೇರನ್ನು ಮುಟ್ಟಬೇಡಿ, ಉಜ್ಜಬೇಡಿ. ಮಣ್ಣಾಗಿದ್ದರೆ ಹಾಲಿನಲ್ಲೋ ಸಲೈನಿನಲ್ಲೋ ಮೆಲ್ಲಗೆ ತೊಳೆದು, ಮಗು ಎಚ್ಚರವಾಗಿದ್ದರೆ ಅಲ್ಲೇ ಗೂಡಿಗೆ ಕೂರಿಸಿ ಕರವಸ್ತ್ರ ಕಚ್ಚಿಸಿ. ಅದಾಗದಿದ್ದರೆ ಹತ್ತಿರದ ಅಂಗಡಿಯಿಂದ ಹಾಲಿನ ಪ್ಯಾಕೆಟ್ ತಂದು ಹಲ್ಲನ್ನು ಅದರಲ್ಲಿ ಮುಳುಗಿಸಿ, ಕೂಡಲೇ ದಂತವೈದ್ಯರ ಬಳಿ ಹೊರಡಿ. ಧನುರ್ವಾಯು ಚುಚ್ಚುಮದ್ದು ಆಗಿದೆಯೇ ಎಂದು ಅಲ್ಲಿ ತಿಳಿಸಿ. ಆಂಟಿಬಯೋಟಿಕ್ ಬೇಕೇ, ಯಾವುದು, ಎಷ್ಟು ದಿನ ಎಂಬುದನ್ನು ಮಗುವಿನ ವಯಸ್ಸು, ತೂಕ ನೋಡಿ ವೈದ್ಯರು ತೀರ್ಮಾನಿಸಲಿ. ಮನೆಯ ಡಬ್ಬಿಯಲ್ಲಿ ಉಳಿದಿರುವ ಹಳೆಯ ಮಾತ್ರೆಯನ್ನು ಮಾತ್ರ ಕೊಡಬೇಡಿ.